ಅಲ್ಪಶಕ್ತಿಯ ನಿಸ್ತಂತು ಸೆನ್ಸರ್ ಜಾಲ

ಶಾಖ, ತೇವ, ನೀರಿನ ಮಟ್ಟ, ಚಲನೆ ಮೊದಲಾದವನ್ನು ಅಳೆಯುವ ಪುಟ್ಟ ಉಪಕರಣಗಳು ತಂತಿಯ ನೆರವಿಲ್ಲದೆ ರೇಡಿಯೊ ಅಲೆಗಳ ಮೂಲಕ ಸುದ್ದಿ ಕೊಟ್ಟು ತೆಗೆದುಕೊಳ್ಳುವ ಏರ್ಪಾಡಿಗೆ ಈ ಹೆಸರು. ಒಂದು ಉಪಕರಣದಿಂದ ಇನ್ನೊಂದಕ್ಕೆ ಇರುವ ಅಂತರ ಸಾಮಾನ್ಯವಾಗಿ ಹತ್ತು ಮೀಟರಿನಿಂದ ಕೆಲವು ನೂರು ಮೀಟರು. ಅಳೆಯುವುದಲ್ಲದೆ ವಾಲ್ವ್ ತೆರೆಯುವುದು, ಫ್ಯಾನ್ ತಿರುಗಿಸುವುದು, ದೀಪ ಆರಿಸುವುದು ಇಂಥ ಕೆಲಸಗಳನ್ನೂ ಇದರಿಂದ ಮಾಡಿಸಬಹುದು. ವೈಫೈ, ಮೊಬೈಲ್ ಫೋನುಗಳೂ ನಿಸ್ತಂತುವೇ. ಆದರೆ ಅವನ್ನು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು, ಇಲ್ಲವೇ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕು. ಇಲ್ಲಿ ಹೇಳುವ ಉಪಕರಣ ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ಲಿನಲ್ಲಿ ವರ್ಷಗಟ್ಟಲೆ ದುಡಿಯಬೇಕು. ಈ ತಂತ್ರಜ್ಞಾನದ ಬಹುಪಾಲು ಗುಣದೋಷಗಳು ಹುಟ್ಟಿರುವುದು ಈ ಒಂದು ಷರತ್ತಿನಿಂದಲೇ.

ಮನೆ, ಕಾರ್ಖಾನೆ, ಆಸ್ಪತ್ರೆಗಳಲ್ಲಿ ಇದರ ಬಳಕೆ ಹೆಚ್ಚು. ಈ ಲೇಖನ ಮಾತ್ರ ಕರ್ನಾಟಕದ ಬಯಲುಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡಿದೆ. ಅದರಲ್ಲೂ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಕಾಮಗೆರೆ ಮತ್ತು ಅದರ ಸುತ್ತಣ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ ಇಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ, ನಡುವೆ ಕೊಳವೆಬಾವಿಯನ್ನು ನಂಬಿದ ಹಿಪ್ಪುನೇರಳೆ, ಅರಿಶಿನ, ಮುಸುಕಿನ ಜೋಳದ ಹೊಲಗಳು, ಹೊಲದ ಅಂಚಿಗೇ ಕಾಡು. ಒಂದು ಊರಿನಲ್ಲಿ ಸುರಿದ ಮಳೆ ಪಕ್ಕದ ಊರಿಗೆ ತಪ್ಪುವುದು ಇಲ್ಲಿ ಸಾಮಾನ್ಯ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ 6 ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ದೇಶದಲ್ಲೇ ಹೆಮ್ಮೆಪಡಬೇಕಾದ ವ್ಯವಸ್ಥೆ ಅದು. ಆದರೆ ಆ ಮಾಪಕಗಳು ಒಂದೊಂದೂ ಒಂಟಿ, ಒಂದಕ್ಕೊಂದು ಮಾತಿಲ್ಲ. ಪಂಚಾಯಿತಿಯ ಮಳೆ ಗೊತ್ತಾದರೂ ಸರ್ವೆ ನಂಬರಿನ ತೇವ ಗೊತ್ತಾಗುವುದಿಲ್ಲ. ಪಂಚಾಯಿತಿಯ ಮಾಪಕಕ್ಕೂ ಹೊಲದ ಸಾಲಿಗೂ ನಡುವೆ ಉಳಿದ ಈ ಜಾಗ ಅಲ್ಪಶಕ್ತಿ ಜಾಲದ್ದು.

ಹುಟ್ಟು

1990ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಕ್ರಿಸ್ ಪಿಸ್ಟರ್ ಮತ್ತು ಸಂಗಡಿಗರು ‘ಸ್ಮಾರ್ಟ್ ಡಸ್ಟ್’ ಎಂಬ ಯೋಜನೆ ಕೈಗೊಂಡರು. ಧೂಳಿನ ಕಣದಷ್ಟು ಚಿಕ್ಕ ಕಂಪ್ಯೂಟರನ್ನು ರೇಡಿಯೊ ಸಮೇತ ಎಲ್ಲೆಂದರಲ್ಲಿ ಎರಚಬಹುದು ಎಂಬುದು ಕನಸು. ಧೂಳಿನ ಗಾತ್ರ ಕೈಗೆಟುಕಲಿಲ್ಲ. ಬೆಂಕಿಪೊಟ್ಟಣದ ಗಾತ್ರದ ‘ಮೋಟ್’ ಎಂಬ ಉಪಕರಣ ಸಿಕ್ಕಿತು. ಅದರೊಳಗೆ ಓಡಲು ಡೇವಿಡ್ ಕಲ್ಲರ್ ಅವರ ತಂಡ ಟೈನಿಓಎಸ್ ಎಂಬ ಪುಟ್ಟ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯಿತು. 2002ರಲ್ಲಿ ಅಮೆರಿಕದ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಬಿಲಗಳೊಳಗೆ ಇಂಥ ಮೋಟ್‌ಗಳನ್ನು ಇಟ್ಟು, ಹಕ್ಕಿಗಳನ್ನು ಬೆದರಿಸದೆ ಬಿಲದ ಶಾಖ, ತೇವಗಳನ್ನು ಅಳೆದರು. ಸುಮಾರು ಅದೇ ಹೊತ್ತಿಗೆ ಸ್ವೀಡನ್ನಿನ ಆಡಂ ಡಂಕೆಲ್ಸ್ ಕಾಂಟಿಕಿ ಎಂಬ ಇನ್ನೊಂದು ವ್ಯವಸ್ಥೆಯನ್ನು ರೂಪಿಸಿದರು.

ಪ್ರಯೋಗಶಾಲೆಯ ಈ ವಿದ್ಯೆ ಮಾರುಕಟ್ಟೆಗೆ ಬರಬೇಕಾದರೆ ಒಬ್ಬರ ರೇಡಿಯೊ ಇನ್ನೊಬ್ಬರ ರೇಡಿಯೊಗೆ ಅರ್ಥವಾಗುವ ಪ್ರಮಾಣಕ ಬೇಕಿತ್ತು. 2002ರಲ್ಲಿ ಕಂಪನಿಗಳು ಸೇರಿ ಜಿಗ್‌ಬೀ ಒಕ್ಕೂಟ ಕಟ್ಟಿಕೊಂಡವು. 2003ರಲ್ಲಿ ಐಇಇಇ ಸಂಸ್ಥೆ 802.15.4 ಎಂಬ ಪ್ರಮಾಣಕವನ್ನು ಅಂಗೀಕರಿಸಿತು. ರೇಡಿಯೊ ಹೇಗೆ ಮಿಡಿಯಬೇಕು, ಇಬ್ಬರು ಒಮ್ಮೆಗೇ ಮಾತಾಡದಂತೆ ಸರದಿ ಹೇಗೆ ಕಾಯಬೇಕು ಎಂಬಷ್ಟನ್ನೇ ಅದು ಹೇಳುತ್ತದೆ. ಅದರ ಮೇಲೆ ಸುದ್ದಿ ಯಾವ ದಾರಿಯಲ್ಲಿ ಸಾಗಬೇಕು, ದೀಪಕ್ಕೆ ಯಾವ ಭಾಷೆ, ಬಾಗಿಲಿಗೆ ಯಾವ ಭಾಷೆ ಎಂಬುದನ್ನು ಜಿಗ್‌ಬೀ ಹೇಳುತ್ತದೆ. ಅದರ ಮೊದಲ ಆವೃತ್ತಿ 2004ರ ಡಿಸೆಂಬರಿನಲ್ಲಿ ಅಂಗೀಕಾರವಾಯಿತು.

ನಿದ್ದೆಯ ಲೆಕ್ಕ

ಈ ಜಾಲದ ಜೀವಾಳ ನಿದ್ದೆ. ಆರಂಭದ ವರ್ಷಗಳಲ್ಲಿ ಬಹಳ ಬಳಕೆಯಾದ ಸಿಸಿ2420 ಎಂಬ ರೇಡಿಯೊ ಚಿಪ್ಪನ್ನು ನೋಡಬಹುದು. ಸುದ್ದಿ ಕಳಿಸುವಾಗ ಅದು ಎಳೆಯುವ ವಿದ್ಯುತ್ತು 17.4 ಮಿಲಿಆಂಪಿಯರ್, ಸುದ್ದಿಗಾಗಿ ಕಿವಿಗೊಟ್ಟು ಕೂತಾಗ 18.8 ಮಿಲಿಆಂಪಿಯರ್. ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ದುಬಾರಿ. ಮೊದಲ ಬಾರಿ ಈ ಅಂಕಿ ನೋಡಿದವರಿಗೆ ಇದು ವಿಚಿತ್ರವೆನಿಸುತ್ತದೆ, ಆದರೆ ಇಡೀ ಶಾಸ್ತ್ರ ನಿಂತಿರುವುದು ಇದರ ಮೇಲೆ. ಎರಡು ಎಎ ಸೆಲ್ಲುಗಳಲ್ಲಿ ಸುಮಾರು 2500 ಮಿಲಿಆಂಪಿಯರ್-ಗಂಟೆ ಇರುತ್ತದೆ ಎನ್ನೋಣ. ರೇಡಿಯೊ ಸದಾ ಕಿವಿಗೊಟ್ಟೇ ಇದ್ದರೆ ಸೆಲ್ಲು ಐದಾರು ದಿನದಲ್ಲಿ ಖಾಲಿ. ಅದೇ ಉಪಕರಣ 10 ನಿಮಿಷಕ್ಕೊಮ್ಮೆ ಎಚ್ಚತ್ತು, 50 ಮಿಲಿಸೆಕೆಂಡಿನಲ್ಲಿ ಅಳೆದು, ಕಳಿಸಿ, ಮತ್ತೆ ಮಲಗಿದರೆ, ಮಲಗಿದಾಗ 5 ಮೈಕ್ರೊಆಂಪಿಯರ್ ಎಳೆದರೆ, ಸರಾಸರಿ 7 ಮೈಕ್ರೊಆಂಪಿಯರ್ ದಾಟುವುದಿಲ್ಲ. ಕಾಗದದ ಲೆಕ್ಕದಲ್ಲಿ ಅದು 40 ವರ್ಷ. ಅಷ್ಟು ಕಾಲ ಸೆಲ್ಲೇ ಉಳಿಯುವುದಿಲ್ಲ, ಒಳಗೊಳಗೇ ಸೋರಿ ಹೋಗುತ್ತದೆ. ಹಾಗಾಗಿ ವ್ಯವಹಾರದಲ್ಲಿ ಐದರಿಂದ ಹತ್ತು ವರ್ಷ ಎನ್ನುವುದು ವಾಡಿಕೆ.

ಕಷ್ಟ ಇರುವುದು ಇಬ್ಬರೂ ನಿದ್ದೆಯಲ್ಲಿರುವಾಗ. ಹೇಳುವವನು ಎಚ್ಚತ್ತ ಗಳಿಗೆಯಲ್ಲಿ ಕೇಳುವವನೂ ಎಚ್ಚತ್ತಿರಬೇಕು. ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದಾರೆ. ಒಂದು, 2004ರಲ್ಲಿ ಬರ್ಕ್ಲಿಯ ತಂಡ ಬಿ-ಮ್ಯಾಕ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ಉಪಾಯ: ಕೇಳುವವನು ಆಗಾಗ ಅರೆಕ್ಷಣ ಕಿವಿತೆರೆದು ಗಾಳಿಯಲ್ಲಿ ಸದ್ದಿದೆಯೇ ನೋಡುತ್ತಾನೆ, ಹೇಳುವವನು ಆ ಬಿಡುವಿಗಿಂತ ಉದ್ದವಾದ ಮುನ್ಸೂಚನೆಯನ್ನು ಕಳಿಸಿ ಆಮೇಲೆ ಮಾತು ಹೇಳುತ್ತಾನೆ. ಇನ್ನೊಂದು, ಇಬ್ಬರೂ ಗಡಿಯಾರ ಹೊಂದಿಸಿಕೊಂಡು ಗೊತ್ತಾದ ಹೊತ್ತಿಗೆ ಏಳುವುದು. ಇಂಥ ಉಪಕರಣದಲ್ಲಿರುವ ಸ್ಫಟಿಕದ ಗಡಿಯಾರ ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡು ಹಿಂದೆಮುಂದೆ ಆಗುತ್ತದೆ. ನಾಲ್ಕು ಮಿಲಿಸೆಕೆಂಡಿನಲ್ಲಿ ಮುಗಿಯುವ ಮಾತಿಗೆ ಇದು ದೊಡ್ಡ ವ್ಯತ್ಯಾಸ. ಹಾಗಾಗಿ ಪ್ರತಿ ಭೇಟಿಯಲ್ಲೂ ಗಡಿಯಾರ ತಿದ್ದಿಕೊಳ್ಳಬೇಕು. ಐಇಇಇ 2012ರಲ್ಲಿ 802.15.4ಕ್ಕೆ ಸೇರಿಸಿದ ತಿದ್ದುಪಡಿ ಈ ಎರಡನೆಯ ದಾರಿಯನ್ನು ಪಕ್ಕಾ ಮಾಡಿತು. ಕಾರ್ಖಾನೆಗಳಿಗೆಂದು 2007ರಲ್ಲೇ ಬಂದ ವೈರ್‌ಲೆಸ್‌ಹಾರ್ಟ್ ಕೂಡ ಇದೇ ಜಾಡಿನದು.

ಜಿಗ್‌ಬೀ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸುತ್ತದೆ. ಅದರಲ್ಲಿ ಮೂರು ಬಗೆಯ ಸದಸ್ಯರು. ಜಾಲವನ್ನು ಆರಂಭಿಸುವ ಕೋಆರ್ಡಿನೇಟರ್ ಒಂದು. ಸುದ್ದಿ ದಾಟಿಸುವ ರೂಟರುಗಳು ಹಲವು. ಅವು ಕರೆಂಟಿನಲ್ಲಿ ನಡೆಯುವುದರಿಂದ ಮಲಗುವುದಿಲ್ಲ. ಸೆಲ್ಲಿನಲ್ಲಿ ನಡೆಯುವ ತುದಿಯ ಉಪಕರಣಗಳು ಮಾತ್ರ ಮಲಗುತ್ತವೆ; ಎದ್ದಾಗ ತಮ್ಮ ರೂಟರನ್ನು ‘ನನಗೇನಾದರೂ ಸುದ್ದಿ ಇದೆಯೇ’ ಎಂದು ಕೇಳಿ ತಿಳಿಯುತ್ತವೆ. ಕಟ್ಟಡ ಕಟ್ಟುವ ಕಡೆ ಸಾಲಾಗಿ ನಿಂತವರು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ರೂಟರುಗಳು ಸುದ್ದಿಯನ್ನು ದಾಟಿಸುತ್ತವೆ. ಸಾಲಿನಲ್ಲಿ ಒಬ್ಬ ಕದಲಿದರೆ ಪಕ್ಕದವನು ಕೈ ಚಾಚುತ್ತಾನೆ. ಮೆಶ್ ಎನ್ನುವುದು ಇದಕ್ಕೇ. ಪಟ್ಟಣದ ಮನೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಸರದಿಯ ಮೇಲೆ ತ್ರೀಫೇಸ್ ಕರೆಂಟು ಕೊಡುವ ಹಳ್ಳಿಯ ತೋಟದಲ್ಲಿ ಏನಾಗುತ್ತದೆ ಎಂಬುದು ಬೇರೆಯೇ ಮಾತು. ಕರೆಂಟು ಹೋದೊಡನೆ ರೂಟರು ಸತ್ತಂತೆ. ಅದನ್ನು ನಂಬಿದ ತುದಿಯ ಉಪಕರಣಗಳು ದಿಕ್ಕಿಲ್ಲದವುಗಳಾಗಿ, ಒಂದೊಂದೇ ಚಾನೆಲ್ಲಿನಲ್ಲಿ ಹೊಸ ರೂಟರನ್ನು ಹುಡುಕುತ್ತಾ, ವರ್ಷಗಟ್ಟಲೆ ಬರಬೇಕಾದ ಸೆಲ್ಲನ್ನು ದಿನಗಳಲ್ಲಿ ಬರಿದು ಮಾಡಿಕೊಳ್ಳಬಹುದು. ಹಳ್ಳಿಗೆ ಜಾಲ ಹಾಕುವವರು ರೂಟರಿಗೆ ಪುಟ್ಟ ಸೋಲಾರ್ ಫಲಕ ಮತ್ತು ಬ್ಯಾಟರಿ ಇಡಬೇಕೆಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಅದನ್ನು ಉಳಿತಾಯದ ಬಾಬತ್ತು ಎಂದು ಕೈಬಿಡಬಾರದು.

ಅಲೆ, ಎಲೆ, ದಿಣ್ಣೆ

ಜಿಗ್‌ಬೀ ಹೆಚ್ಚಾಗಿ ಬಳಸುವುದು ವೈಫೈ, ಬ್ಲೂಟೂತ್‌ಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನೇ. ಅಲ್ಲಿ 16 ಚಾನೆಲ್ಲುಗಳಿವೆ, ವೇಗ ಸೆಕೆಂಡಿಗೆ 250 ಕಿಲೊಬಿಟ್. ಒಂದು ಸಲಕ್ಕೆ ಕಳಿಸಬಹುದಾದ ಸುದ್ದಿ ಹೆಚ್ಚೆಂದರೆ 127 ಬೈಟ್. ಒಂದು ಫೋಟೊ ಕಳಿಸಲು ಇದು ಸಾಲದು, ‘ಶಾಖ 26.4, ತೇವ 78’ ಎನ್ನಲು ಧಾರಾಳ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಪಟ್ಟಿ ವೈಫೈ ಗದ್ದಲದಿಂದ ತುಂಬಿಹೋಗಿರುವುದರಿಂದ, ವೈಫೈಯ 1, 6, 11ನೇ ಚಾನೆಲ್ಲುಗಳ ಸಂದಿಯಲ್ಲೋ ಆಚೆಗೋ ಬರುವ 15, 20, 25, 26ನೇ ಜಿಗ್‌ಬೀ ಚಾನೆಲ್ಲುಗಳನ್ನು ಆರಿಸುವುದು ರೂಢಿ.

ಹೊಲದಲ್ಲಿ ಗದ್ದಲ ಇಲ್ಲ, ಎಲೆ ಇದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್; 866 ಮೆಗಾಹರ್ಟ್ಸ್ ಅಲೆಯದು ಸುಮಾರು 35 ಸೆಂಟಿಮೀಟರ್. ಬಯಲಿನಲ್ಲೇ 100 ಮೀಟರ್ ಸಾಗುವಷ್ಟರಲ್ಲಿ ಮೊದಲನೆಯದು 80 ಡೆಸಿಬೆಲ್, ಎರಡನೆಯದು 71 ಡೆಸಿಬೆಲ್ ಸೊರಗುತ್ತದೆ. ಒಂದು ಮಿಲಿವಾಟ್ ಕಳಿಸಿ, 95 ಡೆಸಿಬೆಲ್ ಕುಗ್ಗಿದರೂ ಕೇಳಬಲ್ಲ ರೇಡಿಯೊ ಇದ್ದರೆ, ಎಲೆ, ಗೋಡೆ, ಮನುಷ್ಯರಿಗೆಂದು ಉಳಿಯುವ ಮಿಗತೆ ಒಂದರಲ್ಲಿ 15 ಡೆಸಿಬೆಲ್, ಇನ್ನೊಂದರಲ್ಲಿ 24. ಆಳೆತ್ತರ ಬೆಳೆದ ಮುಸುಕಿನ ಜೋಳವೋ ದಟ್ಟ ಹಿಪ್ಪುನೇರಳೆಯೋ ಈ ಮಿಗತೆಯನ್ನು ನುಂಗುತ್ತದೆ. ಎಲೆಯಲ್ಲಿರುವ ನೀರು ಅಲೆಯನ್ನು ಹೀರುತ್ತದೆ. ಸುರಿಯುವ ಮಳೆಹನಿಯಿಂದ ಇಷ್ಟು ಚಿಕ್ಕ ದೂರದಲ್ಲಿ ನಷ್ಟವಿಲ್ಲ. ಮಳೆ ನಿಂತ ಮೇಲೆ ಒದ್ದೆಯಾಗಿ ಜೋತ ಎಲೆಗಳಿಂದ ನಷ್ಟವಿದೆ. ಬಿತ್ತನೆಯ ಹೊತ್ತಿಗೆ ಹೊಲದ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಮಾತಾಡಿದ ಉಪಕರಣ, ಬೆಳೆ ತೆನೆಗಟ್ಟುವಾಗ ಮೂಕವಾಗುವುದು ಇದರಿಂದಲೇ. ಆಂಟೆನಾವನ್ನು ಬೆಳೆಗಿಂತ ಎತ್ತರಕ್ಕೆ ಏರಿಸುವುದು ಪರಿಹಾರ. ನೆಲವೂ ಅಡ್ಡಿಯೇ: 100 ಮೀಟರ್ ಅಂತರದಲ್ಲಿ 2.4 ಗಿಗಾಹರ್ಟ್ಸ್ ಅಲೆಗೆ ನಡುದಾರಿಯಲ್ಲಿ ಸುಮಾರು 1.8 ಮೀಟರ್, 866 ಮೆಗಾಹರ್ಟ್ಸ್‌ಗೆ ಸುಮಾರು 3 ಮೀಟರ್ ತೆರಪು ಬೇಕು. ಕಾಮಗೆರೆಯಂಥ ಕಡೆ, ಏರುತಗ್ಗಿನ ನೆಲದಲ್ಲಿ, ಒಂದು ದಿಣ್ಣೆಯೇ ಜಾಲವನ್ನು ಎರಡಾಗಿ ಸೀಳಬಲ್ಲದು. ಅಲ್ಲಿ ಶಕ್ತಿ ಹೆಚ್ಚಿಸುವುದಕ್ಕಿಂತ ದಿಣ್ಣೆಯ ನೆತ್ತಿಗೊಂದು ರೂಟರು ನೆಡುವುದು ಮೇಲು.

ದಾಯಾದಿಗಳು

ಜಿಗ್‌ಬೀಯ ಜೊತೆಗೆ, ಅದಕ್ಕೆ ಎದುರಾಗಿ ಹಲವು ಪದ್ಧತಿಗಳು ಬಂದಿವೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ಜಡ್-ವೇವ್ ಮನೆಬಳಕೆಯದು. ಗುಂಡಿ ಒತ್ತಿದ ಬಲದಿಂದಲೇ ವಿದ್ಯುತ್ತು ಹುಟ್ಟಿಸಿಕೊಂಡು, ಸೆಲ್ಲೇ ಇಲ್ಲದೆ ನಡೆಯುವ ಸ್ವಿಚ್ಚು ಜರ್ಮನಿಯ ಎನ್‌ಓಷನ್‌ನದು. 2010ರ ಬ್ಲೂಟೂತ್ 4.0ರಲ್ಲಿ ಬಂದ ಲೋ ಎನರ್ಜಿ ಬಗೆ ಪ್ರತಿಯೊಬ್ಬರ ಫೋನಿನಲ್ಲೂ ಇರುವುದರಿಂದ ಗೆದ್ದಿತು. ಅದಕ್ಕೆ ಮೆಶ್ ಸೇರಿದ್ದು 2017ರಲ್ಲಿ. ಇಂಟರ್ನೆಟ್ಟಿನ ದೊಡ್ಡ ವಿಳಾಸಗಳನ್ನು 127 ಬೈಟಿನೊಳಗೆ ಮಡಚಿಡುವ 6ಲೊಪ್ಯಾನ್ ವಿಧಾನ 2007ರಲ್ಲಿ ಪ್ರಮಾಣಕವಾಯಿತು. ಅದನ್ನು ಆಧರಿಸಿ 2014ರಲ್ಲಿ ಥ್ರೆಡ್ ಒಕ್ಕೂಟ ಹುಟ್ಟಿತು. ಜಿಗ್‌ಬೀ ಒಕ್ಕೂಟ 2021ರಲ್ಲಿ ಕನೆಕ್ಟಿವಿಟಿ ಸ್ಟ್ಯಾಂಡರ್ಡ್ಸ್ ಅಲೈಯನ್ಸ್ ಎಂದು ಹೆಸರು ಬದಲಿಸಿಕೊಂಡು 2022ರ ಅಕ್ಟೋಬರಿನಲ್ಲಿ ಮ್ಯಾಟರ್ ಎಂಬ ಸಾಮಾನ್ಯ ಭಾಷೆಯನ್ನು ಹೊರತಂದಿತು.

ರೈತರ ಮಟ್ಟಿಗೆ ಮುಖ್ಯವಾದ ದಾಯಾದಿ ಲೋರಾ. ಫ್ರಾನ್ಸಿನಲ್ಲಿ ಹುಟ್ಟಿ 2012ರಲ್ಲಿ ಸೆಮ್‌ಟೆಕ್ ಕಂಪನಿಯ ಕೈಸೇರಿದ ಈ ಪದ್ಧತಿ ಒಂದೇ ನೆಗೆತಕ್ಕೆ ಕಿಲೊಮೀಟರುಗಳನ್ನು ದಾಟುತ್ತದೆ, ಹಾಗಾಗಿ ನಡುವೆ ರೂಟರಿನ ಸಾಲು ಬೇಡ. ಆದರೆ ದೂರಕ್ಕೆ ತೆರುವ ಬೆಲೆ ಸಮಯ: ಅತಿ ನಿಧಾನದ ಬಗೆಯಲ್ಲಿ 20 ಬೈಟಿನ ಸುದ್ದಿಗೆ ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಗಾಳಿಯಲ್ಲಿರಬೇಕು. ಊರಿನ ನೂರಾರು ಹೊಲಗಳ ಉಪಕರಣಗಳು ಹೀಗೆ ಮಾತಾಡಿದರೆ ಒಂದರ ಮಾತು ಇನ್ನೊಂದರ ಮೇಲೆ ಬೀಳುತ್ತದೆ. ತೋಟದ ಮೂಲೆಯ ಒಂದೆರಡು ಮಾಪಕಗಳಿಗೆ ಲೋರಾ, ಒಂದೇ ಸೂರಿನಡಿಯ ಹತ್ತಾರು ಮಾಪಕಗಳಿಗೆ ಜಿಗ್‌ಬೀಯಂಥ ಕಿರುಜಾಲ ಎನ್ನುವುದು ಸದ್ಯಕ್ಕೆ ಸರಿಯಾದ ಹಂಚಿಕೆ.

ಚೆನ್ನಕೇಶವಪುರ

ಕನ್ನಡ ನೆಲದಲ್ಲಿ ಈ ವಿದ್ಯೆ ಬಡ ರೈತರ ಹೊಲಕ್ಕೆ ಇಳಿದದ್ದು ಬಹಳ ಬೇಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನ ಇಪಿಎಫ್‌ಎಲ್ ತಂತ್ರಜ್ಞಾನ ಸಂಸ್ಥೆ ಸೇರಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಕಾಮನ್-ಸೆನ್ಸ್ ನೆಟ್ ಎಂಬ ಯೋಜನೆ ನಡೆಸಿದವು. ಜಾಕ್ ಪಂಶಾರ್, ಶೇಷಗಿರಿ ರಾವ್, ಟಿ. ವಿ. ಪ್ರಭಾಕರ್, ಎಚ್. ಎಸ್. ಜಮದಗ್ನಿ, ಜಾನ್-ಪಿಯರ್ ಹುಬೊ ಇದರ ಹಿಂದಿದ್ದವರು. ಅವರ ವಿವರವಾದ ಬರಹ 2007ರಲ್ಲಿ ಪ್ರಕಟವಾಯಿತು. ಸ್ವಿಸ್ ನೆರವಿನಿಂದ ಹುಟ್ಟಿದ, ವಿಜ್ಞಾನ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವಿನ್ಯಾಸ ಕೇಂದ್ರ ಈ ಕೆಲಸದ ಬೆನ್ನೆಲುಬಾಗಿತ್ತು.

ಈ ಯೋಜನೆಯ ದೊಡ್ಡತನ ಅದು ಆರಂಭವಾದ ಬಗೆಯಲ್ಲಿದೆ. ಸೆನ್ಸರ್ ನೆಡುವ ಮೊದಲು ರೈತರಿಗೆ ಏನು ತಿಳಿಯಬೇಕಾಗಿದೆ ಎಂದು ವಿಚಾರಿಸಿದರು. ಮಳೆಯಾಶ್ರಿತ ಕಡಲೆಕಾಯಿಯೇ ಮುಖ್ಯ ಬೆಳೆಯಾಗಿದ್ದ ಆ ಒಣಸೀಮೆಯಲ್ಲಿ ರೈತರ ಪ್ರಶ್ನೆಗಳು ನೇರವಾಗಿದ್ದವು: ಮಣ್ಣಿನಲ್ಲಿ ಇನ್ನೆಷ್ಟು ದಿನಕ್ಕೆ ತೇವ ಉಳಿದಿದೆ, ಈ ಬೆಳೆ ಕೈಗೆ ಹತ್ತುವುದೇ, ಇರುವ ಚೂರು ನೀರನ್ನು ಯಾವಾಗ ಕೊಟ್ಟರೆ ಲಾಭ. ಅದರ ಮೇಲೆ ಮೈಕಾ2 ಮೋಟ್‌ಗಳಿಗೆ ಮಣ್ಣಿನ ತೇವ ಅಳೆಯುವ ಕಡ್ಡಿಗಳನ್ನು ಜೋಡಿಸಿ ಹೊಲದಲ್ಲಿ ನಿಲ್ಲಿಸಿದರು. ಮೋಟ್‌ಗಳು ಸುದ್ದಿಯನ್ನು ಕೈದಾಟಿಸಿ ಊರಿನ ಗೇಟ್‌ವೇಗೆ ತಲುಪಿಸುತ್ತಿದ್ದವು, ಅಲ್ಲಿಂದ ಅದು ಬೆಂಗಳೂರಿಗೆ ಬರುತ್ತಿತ್ತು. ಪಂಶಾರ್ 2008ರಲ್ಲಿ ಲೊಸಾನ್‌ನಲ್ಲಿ ಇದೇ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದರು. ಸೆನ್ಸರ್ ಜಾಲದ ಬಗೆಗಿನ ಜಾಗತಿಕ ಸಾಹಿತ್ಯದಲ್ಲಿ ದ್ರಾಕ್ಷಿ ತೋಟ, ಗಾಜಿನ ಮನೆಗಳೇ ತುಂಬಿದ್ದ ಕಾಲದಲ್ಲಿ ಪಾವಗಡದ ಕಡಲೆಕಾಯಿ ಹೊಲ ಅದರೊಳಗೆ ಬಂದು ನಿಂತದ್ದು ಸಣ್ಣ ಸಂಗತಿಯಲ್ಲ. ಕನ್ನಡದಲ್ಲಿ ಇದರ ಬಗ್ಗೆ ಇನ್ನೂ ಹೆಚ್ಚು ಬರೆಯಬೇಕಿತ್ತು.

ಮಣ್ಣಿನ ತೇವ ಅಳೆಯುವುದು ತೋರಿಕೆಗೆ ಸುಲಭ. ಕಡ್ಡಿ ಅಳೆಯುವುದು ಮಣ್ಣಿನ ವಿದ್ಯುತ್ ಗುಣವನ್ನು. ಅದರಿಂದ ತೇವವನ್ನು ಊಹಿಸಬೇಕು. ಕೆಂಪು ಮಣ್ಣಿಗೆ ಹೊಂದಿಸಿದ ಲೆಕ್ಕ ಎರೆಮಣ್ಣಿಗೆ ಹೊಂದದು. ಎರೆ ಒಣಗಿದಾಗ ಬಿರುಕು ಬಿಡುತ್ತದೆ, ಕಡ್ಡಿಯ ಸುತ್ತ ಗಾಳಿ ಸೇರುತ್ತದೆ, ಆಗ ಉಪಕರಣ ಇರುವುದಕ್ಕಿಂತ ಹೆಚ್ಚು ಒಣಗಿದೆ ಎನ್ನುತ್ತದೆ. ಕೊಳ್ಳೇಗಾಲ ಸೀಮೆಯಲ್ಲಿ ಎರಡೂ ಬಗೆಯ ಮಣ್ಣು ಇರುವುದರಿಂದ ಹೊಲಹೊಲಕ್ಕೂ ಲೆಕ್ಕ ಬೇರೆ ಹೊಂದಿಸಬೇಕಾಗುತ್ತದೆ.

ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕೆಲಸ ಮುಂದುವರಿಯಿತು. ಅಲ್ಲಿನ ತೊಟ್ಟಿಗಳ ನೀರಿನ ಮಟ್ಟವನ್ನು ನಿಸ್ತಂತು ಸೆನ್ಸರುಗಳಿಂದ ಅಳೆದು ಸರಬರಾಜನ್ನು ನೋಡಿಕೊಳ್ಳುವ ಪ್ರಯೋಗವನ್ನು ಯೋಗೇಶ್ ಸಿಮ್ಮನ್, ಭಾರದ್ವಾಜ್ ಅಮೃತೂರು ಮೊದಲಾದವರು ನಡೆಸಿದರು. ಅದರ ಬರಹ 2018ರಲ್ಲಿ ಪ್ರಕಟವಾಗಿದೆ.

ರೇಷ್ಮೆ ಮನೆ

1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಆ ಪ್ರಾಂತ್ಯದ ರೇಷ್ಮೆಯ ಮುಖ್ಯ ಸೀಮೆಯಾಗಿತ್ತು. ಇಂದಿಗೂ ಅಲ್ಪಶಕ್ತಿ ಜಾಲಕ್ಕೆ ಈ ಭಾಗದಲ್ಲಿ ಅತ್ಯಂತ ತಕ್ಕ ಜಾಗ ಯಾವುದೆಂದರೆ ರೇಷ್ಮೆ ಹುಳು ಸಾಕುವ ಮನೆ. ಜಾಗ ಚಿಕ್ಕದು, ಒಂದೇ ಸೂರು, ಅಳೆಯಬೇಕಾದ್ದು ಶಾಖ ಮತ್ತು ತೇವ ಎರಡೇ, ಎಚ್ಚರ ತಪ್ಪಿದರೆ ಆಗುವ ನಷ್ಟ ಮಾತ್ರ ಇಡೀ ಬೆಳೆ.

ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಸುಮಾರು 24ರಿಂದ 28 ದಿನ. ಆ ಅವಧಿಯಲ್ಲಿ ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಚರ್ಮ ಕಳಚಿ ಐದು ಹಂತ ದಾಟುತ್ತದೆ. ಶಿಫಾರಸಿನಂತೆ ಮೊದಲ ಹಂತದ, ಚಾಕಿ ಎನ್ನುವ ಎಳೆಯ ಹುಳುವಿಗೆ 28 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 85–90 ತೇವ ಬೇಕು. ಹಂತ ಹಂತಕ್ಕೆ ಒಂದೊಂದು ಡಿಗ್ರಿ ಇಳಿಸುತ್ತಾ ಐದನೆಯ ಹಂತಕ್ಕೆ 24 ಡಿಗ್ರಿ, ಶೇ. 70 ತೇವಕ್ಕೆ ತರಬೇಕು. ದ್ವಿತಳಿ ಹುಳುಗಳು ಈ ವಿಷಯದಲ್ಲಿ ಮಿಶ್ರತಳಿಗಿಂತ ಸೂಕ್ಷ್ಮ. ತೇವ ಹೆಚ್ಚಾಗಿ ಶಾಖ ಇಳಿದರೆ ಸುಣ್ಣಕಟ್ಟು ರೋಗಕ್ಕೆ ದಾರಿ. ಶಾಖದ ಏರಿಳಿತ, ಗಾಳಿಯಾಡದ ಸೆಕೆ ಸಪ್ಪೆರೋಗಕ್ಕೆ ದಾರಿ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು, ಚಳಿಗೆ ಇದ್ದಿಲ ಒಲೆ ಇಡುವುದು, ರಾತ್ರಿ ಎದ್ದು ಹೋಗಿ ನೋಡುವುದು ರೈತರು ಬಲ್ಲ ಉಪಾಯಗಳು. ರಾತ್ರಿಯ ಆ ನೋಡುವಿಕೆಯ ಭಾರವನ್ನು ಸೆನ್ಸರ್ ಹೊರಬಲ್ಲದು.

ಒಂದೇ ಮಾಪಕ ಗೋಡೆಗೆ ನೇತುಹಾಕಿದರೆ ಪ್ರಯೋಜನ ಕಡಿಮೆ. ಶೀಟು ಹೊದಿಸಿದ ಮನೆಯಲ್ಲಿ ಮಧ್ಯಾಹ್ನ ಮೇಲಿನ ಅಟ್ಟಣೆಗೂ ಕೆಳಗಿನದಕ್ಕೂ ಶಾಖದಲ್ಲಿ ವ್ಯತ್ಯಾಸವಿರುತ್ತದೆ. ಹಾಗಾಗಿ ಮೇಲಿನ ಅಟ್ಟಣೆಗೊಂದು, ಕೆಳಗಿನದಕ್ಕೊಂದು, ಬಾಗಿಲ ಕಡೆಗೊಂದು, ಹೊರಗಿನ ನೆರಳಿಗೊಂದು ಇಡಬೇಕು. ನಾಲ್ಕಕ್ಕೂ ತಂತಿ ಎಳೆದರೆ ಸೊಪ್ಪು ಹಾಕುವವರ ಕೈಗೆ, ಕಾಲಿಗೆ ಸಿಕ್ಕುತ್ತದೆ. ಬೆಳೆ ಮುಗಿದ ಮೇಲೆ ಮನೆ ತೊಳೆಯುವಾಗ ಬಿಚ್ಚಬೇಕಾಗುತ್ತದೆ. ನಿಸ್ತಂತುವಿನ ನಿಜವಾದ ಅನುಕೂಲ ಇಲ್ಲಿ ಕಾಣುತ್ತದೆ: ಪೆಟ್ಟಿಗೆಗಳನ್ನು ತೆಗೆದಿಟ್ಟು ತೊಳೆದರಾಯಿತು. ತೆಗೆದಿಡಲೇಬೇಕು ಕೂಡ. ಮನೆ ಶುದ್ಧಿಗೆ ಬಳಸುವ ಬ್ಲೀಚಿಂಗ್ ಪುಡಿಯ ಆವಿ, ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ ಎರಡೂ ತೇವದ ಸೆನ್ಸರಿನ ಸೂಕ್ಷ್ಮ ಪದರವನ್ನು ಕೆಡಿಸುತ್ತವೆ.

ಮುಂದಿನ ಹೆಜ್ಜೆ, ಶಾಖ ಏರಿದೊಡನೆ ಫ್ಯಾನೋ ಮಂಜಿನಂತೆ ನೀರು ಚಿಮ್ಮುವ ಫಾಗರೋ ತಾನಾಗಿ ಓಡುವಂತೆ ಮಾಡುವುದು. ಇಲ್ಲಿ ಎಚ್ಚರ ಬೇಕು. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು, ಗಾಳಿಯಾಡಬೇಕು, ಸೊಪ್ಪು ನಿಲ್ಲಿಸಬೇಕು. ಆಗ ‘ತೇವ ಇಳಿದಿದೆ’ ಎಂದು ಯಂತ್ರ ನೀರು ಚಿಮ್ಮಿದರೆ ಹುಳುವಿಗೆ ಕೇಡು. ಶಾಖ, ತೇವದ ಅಂಕಿಗಳಿಂದ ಜ್ವರವನ್ನು ಯಂತ್ರ ಕಂಡುಹಿಡಿಯಲಾರದು. ತಲೆಯೆತ್ತಿ ಅಲುಗದೆ ಕೂತ ಹುಳುವನ್ನು ನೋಡಿದೊಡನೆ ಸಾಕುವವರಿಗೆ ಗೊತ್ತಾಗುತ್ತದೆ. ಆದ್ದರಿಂದ ಇಂಥ ಮನೆಗೆ ಮಾಡುವ ಜಾಲದಲ್ಲಿ ‘ಜ್ವರಕ್ಕೆ ಕೂತಿವೆ’, ‘ಎದ್ದಿವೆ’ ಎಂದು ರೈತರು ಒತ್ತಿ ತಿಳಿಸುವ ಗುಂಡಿಯೊಂದು ಇರಲೇಬೇಕು. ಅದಿಲ್ಲದ ಸ್ವಯಂಚಾಲನೆಯನ್ನು ರೇಷ್ಮೆ ಮನೆಗೆ ತರಬಾರದು.

ಕಾಡಂಚು

ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ಬೆಟ್ಟ 2013ರಲ್ಲಿ ವನ್ಯಜೀವಿಧಾಮವಾಯಿತು. ಎರಡರ ನಡುವಿನ ಊರುಗಳಿಗೆ ಆನೆಯ ಬರವು ಮೊದಲೇ ತಿಳಿಯುವುದು ಜೀವದ ಪ್ರಶ್ನೆ, ಆನೆಗೂ ಮನುಷ್ಯರಿಗೂ. ದೇಹದ ಶಾಖ ಚಲಿಸಿದ್ದನ್ನು ಗುರುತಿಸುವ ಪಿಐಆರ್ ಸೆನ್ಸರುಗಳನ್ನು ಸಾಲಾಗಿ ನಿಲ್ಲಿಸಿ, ಅತಿಕ್ರಮಿಸಿದವರನ್ನು ಪತ್ತೆಮಾಡುವ ಜಾಲದ ಬಗ್ಗೆ ವಿಜ್ಞಾನ ಸಂಸ್ಥೆಯಲ್ಲಿ ಅನುರಾಗ್ ಕುಮಾರ್, ಪಿ. ವಿಜಯ್ ಕುಮಾರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಎದುರಿಸಿದ ಮುಖ್ಯ ತೊಡಕು ಗಾಳಿಗೆ ಓಲಾಡುವ ಗಿಡಗಳು. ಬಿಸಿಲಿಗೆ ಕಾದ ಕೊಂಬೆ ಅಲುಗಿದರೂ ಸೆನ್ಸರಿಗೆ ಜೀವ ಓಡಾಡಿದಂತೆ ಕಾಣುತ್ತದೆ. ಗಿಡದ ಓಲಾಟವನ್ನು ನಡೆಯುವವರ ಚಲನೆಯಿಂದ ಬೇರ್ಪಡಿಸುವ ಲೆಕ್ಕವನ್ನು, ಅದೂ ಮೋಟ್‌ನ ಪುಟ್ಟ ಬುದ್ಧಿಗೆ ಹಿಡಿಸುವಷ್ಟು ಸರಳವಾಗಿ, ರೂಪಿಸಿದ್ದು ಅವರ ಸಾಧನೆ. ಮನುಷ್ಯರು, ಪ್ರಾಣಿಗಳು ಯಾರೆಂದು ಬಿಡಿಸುವ ಯತ್ನವೂ ಅಲ್ಲಿ ನಡೆದಿದೆ.

ಸುಳ್ಳು ಎಚ್ಚರಿಕೆ ಹೆಚ್ಚಾದರೆ ಊರವರು ಎಚ್ಚರಿಕೆಯನ್ನೇ ನಂಬುವುದಿಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಮತ್ತು ನಮ್ಮ ಹಾಸನ ಜಿಲ್ಲೆಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬಳಸಿದ ಕ್ರಮದಲ್ಲಿ ಆನೆಯನ್ನು ಕಣ್ಣಾರೆ ಕಂಡವರ ಸುದ್ದಿ ಮೊಬೈಲ್ ಸಂದೇಶವಾಗಿ ಹರಡುತ್ತದೆ, ಕೆಂಪು ದೀಪ ಉರಿಯುತ್ತದೆ. ಅದರಲ್ಲಿ ಕಿರುಜಾಲವಿಲ್ಲ, ಅದು ನಡೆಯುವುದು ಕಂಡವರ ಮಾತಿನ ಮೇಲಿನ ನಂಬಿಕೆಯಿಂದ. ಮೊಬೈಲ್ ಸಿಗ್ನಲ್ ಸಿಗದ ಬೆಟ್ಟದ ಮಗ್ಗುಲಿನಲ್ಲಿ ಕಾಡಂಚಿನಿಂದ ಊರಿನವರೆಗೆ ಸುದ್ದಿ ದಾಟಿಸಲು ಅಲ್ಪಶಕ್ತಿ ರೇಡಿಯೊದ ಸಾಲು ಉಪಯುಕ್ತ. ಆದರೆ ಆನೆ ಕಂಬವನ್ನೇ ಉರುಳಿಸಬಹುದೆಂಬುದನ್ನು ನಕ್ಷೆ ಬರೆಯುವಾಗಲೇ ಲೆಕ್ಕಕ್ಕೆ ಹಿಡಿಯಬೇಕು. ಒಂದು ಕಂಬ ಹೋದರೂ ಸುದ್ದಿಗೆ ಬಳಸುದಾರಿ ಇರುವಷ್ಟು ಹತ್ತಿರ ಹತ್ತಿರ ನೆಡಬೇಕು.

ಕಾನೂನು, ಸುರಕ್ಷತೆ

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಮತ್ತು 865–867 ಮೆಗಾಹರ್ಟ್ಸ್ ಪಟ್ಟಿ ಎರಡಕ್ಕೂ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ಎರಡನೆಯದರಲ್ಲಿ ಗರಿಷ್ಠ ಒಂದು ವಾಟ್ ಪ್ರಸರಣ ಶಕ್ತಿ, 200 ಕಿಲೊಹರ್ಟ್ಸ್ ಅಗಲ ಎಂಬ ಮಿತಿ ಇತ್ತು. 2021ರಲ್ಲಿ ಪಟ್ಟಿಯನ್ನು 868ರವರೆಗೆ ವಿಸ್ತರಿಸಿದರು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 915 ಮೆಗಾಹರ್ಟ್ಸ್ ಮಾಡ್ಯೂಲುಗಳು ಅಮೆರಿಕದ ಪಟ್ಟಿಗೆ ಮಾಡಿದವು. ನಮ್ಮಲ್ಲಿ 890–915 ಮೆಗಾಹರ್ಟ್ಸ್ ಮೊಬೈಲ್ ಫೋನುಗಳು ಟವರಿಗೆ ಮಾತಾಡುವ ಜಾಗ. ಅಂಥ ಮಾಡ್ಯೂಲನ್ನು ಹೊಲದಲ್ಲಿಟ್ಟರೆ ಕಾನೂನು ಮೀರಿದಂತೆ, ನೆರೆಯವರ ಫೋನಿಗೂ ಅಡ್ಡಿ. ಕೊಳ್ಳುವಾಗ 865ರದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಸುದ್ದಿಯನ್ನು ಗುಟ್ಟಾಗಿಡಲು 802.15.4 ಜಾಲಗಳು 128 ಬಿಟ್ಟಿನ ಎಇಎಸ್ ಬೀಗವನ್ನು ಬಳಸುತ್ತವೆ. ಬೀಗ ಗಟ್ಟಿ, ಹೊಸ ಉಪಕರಣಕ್ಕೆ ಬೀಗದಕೈ ಕೊಡುವ ಗಳಿಗೆಯಲ್ಲೇ ಸೋರಿಕೆ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎಯಾಲ್ ರೋನೆನ್, ಆದಿ ಶಮೀರ್ ಮತ್ತು ಸಂಗಡಿಗರು ಡ್ರೋನಿನಿಂದ ಜಿಗ್‌ಬೀ ದೀಪಗಳ ಹತೋಟಿ ಹಿಡಿದು, ಒಂದು ದೀಪದಿಂದ ಇನ್ನೊಂದಕ್ಕೆ ಹಬ್ಬುವ ಕುತಂತ್ರಾಂಶ ಸಾಧ್ಯವೆಂದು ತೋರಿಸಿದರು. ತೇವದ ಅಂಕಿ ಕದ್ದರೆ ನಷ್ಟವಿಲ್ಲ. ಪಂಪ್‌ಸೆಟ್ಟನ್ನೋ ಕಾಲುವೆಯ ತೂಬನ್ನೋ ಯಾರೋ ತೆರೆದರೆ ನಷ್ಟವಿದೆ. ಅಳೆಯುವ ಜಾಲಕ್ಕಿಂತ ಆಡಿಸುವ ಜಾಲಕ್ಕೆ ಕಾವಲು ಬಿಗಿ ಇರಬೇಕು.

ಹಾಕಿದ ಮೇಲೆ

ಪ್ರಯೋಗಕ್ಕೆಂದು ಹಾಕಿದ ಜಾಲಗಳು ಬಹುಮಟ್ಟಿಗೆ ನಿಲ್ಲುವುದು ತಂತ್ರಜ್ಞಾನದ ಸೋಲಿನಿಂದಲ್ಲ, ಯೋಜನೆಯ ಹಣ ಮುಗಿದು ನೋಡಿಕೊಳ್ಳುವವರು ಇಲ್ಲದೆ. ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುತ್ತದೆ, ರಬ್ಬರ್ ಅಂಚು ಬಿಸಿಲಿಗೆ ಬಿರಿದು ಮಳೆನೀರು ಇಳಿಯುತ್ತದೆ, ಇಲಿ ಮಣ್ಣಿನ ಕಡ್ಡಿಯ ತಂತಿ ಕಡಿಯುತ್ತದೆ, ಉಳುವಾಗ ಕಂಬ ಮುರಿಯುತ್ತದೆ. ಇವೆಲ್ಲ ಅರ್ಧ ಗಂಟೆಯ ರಿಪೇರಿಗಳು, ಆದರೆ ಆ ಅರ್ಧ ಗಂಟೆಗೆ ಬೆಂಗಳೂರಿನಿಂದ ಎಂಜಿನಿಯರು ಬರಬೇಕಾದರೆ ಜಾಲ ಉಳಿಯುವುದಿಲ್ಲ. ಮೋಟಾರ್ ರಿವೈಂಡಿಂಗ್ ಮಾಡುವವರು, ಮೊಬೈಲ್ ರಿಪೇರಿ ಅಂಗಡಿಯವರು ಕೊಳ್ಳೇಗಾಲ, ಹನೂರಿನ ಪೇಟೆಗಳಲ್ಲಿ ಇದ್ದಾರೆ. ಬೆಸುಗೆ ಹಾಕಬಲ್ಲರು, ಮಲ್ಟಿಮೀಟರ್ ಹಿಡಿಯಬಲ್ಲರು. ಉಪಕರಣದ ಒಳನಕ್ಷೆ ಮುಚ್ಚುಮರೆಯಿಲ್ಲದೆ, ಕನ್ನಡದಲ್ಲಿ ವಿವರಿಸಿದ ಕೈಪಿಡಿ ಸಮೇತ ಅವರ ಕೈಗೆ ಸಿಕ್ಕರೆ ಈ ರಿಪೇರಿ ಅಲ್ಲೇ ಆಗುತ್ತದೆ. ಬಳಸಿ ಮುಗಿದ ಲಿಥಿಯಂ ಸೆಲ್ಲುಗಳನ್ನು ಹೊಲದ ಬದುವಿಗೆ ಎಸೆಯದೆ ಮಾರಿದ ಅಂಗಡಿಯೇ ವಾಪಸು ಪಡೆಯುವ ಏರ್ಪಾಡನ್ನೂ ಉಪಕರಣ ಮಾರುವ ದಿನವೇ ಮಾಡಿಕೊಳ್ಳಬೇಕು.